ಬಿಳಿಮೀನಿಗೆ ಯಾವ ಗಾಳ, ಎಂಥ ದಾರ?

ಹುಣಸೂರಿನಲ್ಲಾಗಲಿ, ಕೃಷ್ಣರಾಜನಗರದಲ್ಲಾಗಲಿ ಹಗ್ಗ, ಬಲೆ, ಕುಡುಗೋಲು ಮಾರುವ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಒಂದು ಮಾತು ಕಿವಿಗೆ ಬೀಳುತ್ತದೆ. ರಜಕ್ಕೆ ಊರಿಗೆ ಬಂದ ಹುಡುಗನೊಬ್ಬ ಬಂದು, "ಒಳ್ಳೇ ಗಾಳ ನಾಲ್ಕು ಕೊಡಣ್ಣ, ದಾರ ಗಟ್ಟಿ ಇರ್‍ಲಿ" ಎನ್ನುತ್ತಾನೆ. ಅಂಗಡಿಯವನು ಡಬ್ಬಿಗೆ ಕೈ ಹಾಕುವ ಮೊದಲು ಕೇಳುತ್ತಾನೆ: "ಯಾವ ಮೀನಿಗಪ್ಪ?" ಹುಡುಗನಿಗೆ ಅದು ಗೊತ್ತಿರುವುದಿಲ್ಲ. "ಯಾವ್ದಾದ್ರೂ ಸರಿ, ದೊಡ್ಡದು ಸಿಕ್ಕಿದ್ರೆ ಸಾಕು" ಎಂದು ನಗುತ್ತಾನೆ. ಅಂಗಡಿಯವನೂ ನಕ್ಕು, ಕೈಗೆ ಸಿಕ್ಕಿದ್ದನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾನೆ.

ಅಂಗಡಿಯವನ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಗಾಳವನ್ನು ಆರಿಸುವವನು ಮನುಷ್ಯನಲ್ಲ, ಮೀನಿನ ಬಾಯಿ. ದಾರವನ್ನು ಆರಿಸುವುದು ಮೀನಿನ ತೂಕಕ್ಕಿಂತ ಹೆಚ್ಚಾಗಿ ಅದು ವಾಸಿಸುವ ನೀರು.

ಇಂಗ್ಲಿಷಿನಲ್ಲಿ ಗಾಳದ ಮೇಲೆ ಬಂದಿರುವ ಪುಸ್ತಕಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಹಲವು ಸಾಮನ್ ಎಂಬ ಮೀನಿಗೆ ಮೀಸಲು. ಸಾಮನ್ ತಣ್ಣೀರಿನ ದೇಶಗಳದು. ನದಿಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ನದಿಗೇ ಮರಳಿ ಬರುತ್ತದೆ. ಹಾಗೆ ಮರಳುವಾಗ ಅದು ಹೆಚ್ಚುಕಡಿಮೆ ಉಪವಾಸವಿರುತ್ತದೆ. ಆದ್ದರಿಂದ ಅಲ್ಲಿಯವರು ಆಹಾರದ ಬದಲು ಗರಿ, ನೂಲು ಸುತ್ತಿದ ಬಣ್ಣದ ಹುಸಿ ಹುಳುಗಳನ್ನು ಅದರ ಮೂಗಿನ ಮುಂದೆ ಹಾಯಿಸಿ ಕೆಣಕುತ್ತಾರೆ. ಆ ಪುಸ್ತಕಗಳನ್ನು ಓದಿ, ಅದೇ ಸಾಮಾನು ತರಿಸಿಕೊಂಡು ಕಾವೇರಿಯ ದಡದಲ್ಲಿ ನಿಂತರೆ ಕೈ ನೋವು ಬಂದೀತು, ಅಷ್ಟೆ. ನಮ್ಮ ನದಿಗಳಲ್ಲಿ ಸಾಮನ್ ಇಲ್ಲ. ಅದರ ಸ್ಥಾನದಲ್ಲಿ ನಿಲ್ಲಬಲ್ಲ ಮೀನು ಒಂದೇ: ಮಹಶೀರ್. ಕಾವೇರಿ ಸೀಮೆಯಲ್ಲಿ ಇದಕ್ಕೆ ಬಿಳಿಮೀನು ಎಂಬ ಹೆಸರುಂಟು. ದೇವಸ್ಥಾನದ ಮಡುವಿನಲ್ಲಿದ್ದರೆ ದೇವರ ಮೀನು. ಕೃಷ್ಣರಾಜನಗರದ ಕಡೆಯಿಂದ ರಾಮನಾಥಪುರಕ್ಕೆ ಹೋದವರು ವಹ್ನಿ ಪುಷ್ಕರಿಣಿಯಲ್ಲಿ ಮಂಡಕ್ಕಿಗೆ ಮುಗಿಬೀಳುವ ಈ ಮೀನುಗಳನ್ನು ಕಂಡಿರುತ್ತಾರೆ.

ಮಹಶೀರ್ ಗೆಂಡೆಯ ಜಾತಿಗೆ ಸೇರಿದ್ದು, ಇಡೀ ಬದುಕು ನದಿಯಲ್ಲೇ. ಮುಂಗಾರಿನ ಹೊಸ ನೀರಿಗೆ ಮೇಲೇರಿ ಮೊಟ್ಟೆಯಿಡುತ್ತದೆ. ಏಡಿ, ಸಣ್ಣ ಮೀನು, ಹುಳ, ನೀರಿಗೆ ಬಿದ್ದ ಹಣ್ಣು ಕಾಯಿ, ಏನು ಸಿಕ್ಕರೂ ತಿನ್ನುತ್ತದೆ. ಇದರ ದವಡೆಯಲ್ಲಿ ಹಲ್ಲಿಲ್ಲ. ಬೆರಳು ಹಾಕಿದರೆ ದಪ್ಪ ತುಟಿ ಮಾತ್ರ ತಗಲುತ್ತದೆ. ಹಲ್ಲುಗಳು ಇರುವುದು ಗಂಟಲಿನಲ್ಲಿ. ಏಡಿಯ ಚಿಪ್ಪನ್ನು ಅಲ್ಲಿ ಅರೆಯುತ್ತದೆ. ಸಾಮನ್‌ಗೆ ಸಾಕಾಗುವ ತೆಳು ಗಾಳ ಈ ಅರೆಯುವ ಕಲ್ಲಿಗೆ ಸಿಕ್ಕರೆ ಏನಾದೀತು? ಮದರಾಸು ಸರ್ಕಾರದ ಅಧಿಕಾರಿಯಾಗಿ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ಬರೆದ. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಮಹಶೀರ್ ಸಾಮನ್‌ಗಿಂತ ಹೆಚ್ಚು ಸೆಣಸುತ್ತದೆ ಎಂದು ಇಂಗ್ಲೆಂಡಿನವರಿಗೆ ಮೊದಲು ಒತ್ತಿ ಹೇಳಿದವರಲ್ಲಿ ಈತ ಒಬ್ಬ. ತನ್ನ ದೇಶದ ಮೀನನ್ನು ಬಿಟ್ಟುಕೊಟ್ಟು ಇಂಥ ಮಾತು ಹೇಳಲು ಒಬ್ಬ ಆಂಗ್ಲನಿಗೆ ಎಷ್ಟು ಪೆಟ್ಟು ಬಿದ್ದಿರಬೇಕು!

ಹೆಗ್ಗಡದೇವನಕೋಟೆಯ ಜನ ಹೆಮ್ಮೆಪಡಬಹುದಾದ ಸಂಗತಿಯೊಂದು ಇಲ್ಲೇ ಇದೆ. 1919ರ ಡಿಸೆಂಬರಿನಲ್ಲಿ ಮೇಜರ್ ರಿವೆಟ್ ಕಾರ್ನಾಕ್ ಎಂಬಾತ ಕಾವೇರಿಯಲ್ಲಿ 119 ಪೌಂಡಿನ ಮಹಶೀರ್ ಹಿಡಿದ. ಇನ್ನು ಅದನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದರು. 1946ರ ಮಾರ್ಚ್ 22ರಂದು ಮೈಸೂರಿನ ಡಿವೆಟ್ ವ್ಯಾನ್ ಇಂಗನ್ ಅವರ ಗಾಳಕ್ಕೆ ಕಬಿನಿ ನದಿಯಲ್ಲಿ 120 ಪೌಂಡಿನ ಮೀನು ಬಿತ್ತು. ಎಂದರೆ 54 ಕಿಲೋಗೂ ಮೇಲೆ, ಹೆಚ್ಚುಕಡಿಮೆ ಒಬ್ಬ ಆಳಿನ ತೂಕ. ಹುಲಿ, ಚಿರತೆಗಳ ಚರ್ಮ ಹದಮಾಡಿ ತುಂಬಿ ನಿಲ್ಲಿಸುವ ಕಸುಬಿನಲ್ಲಿ ಲೋಕಪ್ರಸಿದ್ಧವಾಗಿದ್ದ ಮೈಸೂರಿನ ಮನೆತನ ಅವರದು. ಬಹುಕಾಲ ಈ ತೂಕವೇ ದಾಖಲೆಯಾಗಿ ಉಳಿಯಿತು.

ಐವತ್ತು ಕಿಲೋ ಮೀನಿಗೆ ಐವತ್ತು ಕಿಲೋ ತಡೆಯುವ ದಾರ ಬೇಕಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಬೇಕಿಲ್ಲ. ನೀರಿನೊಳಗೆ ಮೀನಿಗೆ ತೂಕವೇ ಇಲ್ಲವೆನ್ನಬಹುದು. ಅದರ ಹೊಟ್ಟೆಯಲ್ಲಿ ಗಾಳಿಯ ಚೀಲವಿದೆ. ಆ ಚೀಲದ ಬಲದಿಂದ ಅದು ಮುಳುಗದೆ ತೇಲದೆ ನಿಲ್ಲುತ್ತದೆ. ಶಾಲೆಯ ಪಾಠದ ಆರ್ಕಿಮಿಡೀಸ್ ಇಲ್ಲಿ ದಡದಲ್ಲಿ ಕೂತ ಬೆಸ್ತನ ಪಕ್ಕಕ್ಕೆ ಬಂದು ಕೂರುತ್ತಾನೆ. ಬಾವಿಯಿಂದ ಕೊಡ ಸೇದುವಾಗ ನೀರಿನೊಳಗಿರುವ ತನಕ ಹಗುರ, ಮೇಲೆ ಬಂದೊಡನೆ ಭಾರ, ಅದೇ ಲೆಕ್ಕ. ದಾರ ತಡೆಯಬೇಕಾದ್ದು ಮೀನಿನ ತೂಕವನ್ನಲ್ಲ, ಅದರ ಎಳೆತವನ್ನು, ಜೊತೆಗೆ ಹರಿವ ನೀರಿನ ಎಳೆತವನ್ನು. ಇದನ್ನು ಮರೆತವರು ದಡದವರೆಗೆ ಸುಸೂತ್ರವಾಗಿ ತಂದ ಮೀನನ್ನು ದಾರ ಹಿಡಿದೇ ಮೇಲಕ್ಕೆತ್ತಲು ಹೋಗಿ, ಕಣ್ಣೆದುರೇ ಕಳೆದುಕೊಳ್ಳುತ್ತಾರೆ.

ಗಾಳದ ವಿಚಾರಕ್ಕೆ ಬರೋಣ. ಅಂಗಡಿಯ ಗಾಳಗಳಿಗೆ ನಂಬರು ಇರುತ್ತದೆ. ಈ ನಂಬರು ಮೊದಮೊದಲು ತಲೆ ಕೆಡಿಸುವುದು ನಿಜ. ನಂಬರು ಹೆಚ್ಚಿದಷ್ಟೂ ಗಾಳ ಚಿಕ್ಕದು. 12ಕ್ಕಿಂತ 8 ದೊಡ್ಡದು, 8ಕ್ಕಿಂತ 1 ದೊಡ್ಡದು. ಅಲ್ಲಿಗೆ ಮುಗಿಯದೆ 1/0, 2/0 ಎಂದು ಲೆಕ್ಕ ತಿರುಗಿ ಮೇಲೇರುತ್ತದೆ, ಈಗ ನಂಬರಿನ ಜೊತೆ ಗಾಳವೂ ದೊಡ್ಡದಾಗುತ್ತಾ ಹೋಗುತ್ತದೆ. ಒಂದು ಕಂಪನಿಯ 4/0 ಇನ್ನೊಂದರ 4/0ಗೆ ಸಮವಿರಬೇಕೆಂಬ ನಿಯಮವೂ ಇಲ್ಲ. ಕಣ್ಣಳತೆಯೇ ಮೇಲು.

ಪಿರಿಯಾಪಟ್ಟಣದ ಕೆರೆಗಳ ಗೆಂಡೆ, ಜಿಲೇಬಿ ಮೀನಿಗೆ 8ರಿಂದ 12ರ ಗಾಳ ಸಾಕು. ಅವುಗಳ ಬಾಯಿ ಚಿಕ್ಕದು. ಕೊರವನ ಬಾಯಿ ಅಗಲ, ದವಡೆ ಗಟ್ಟಿ, ಅದಕ್ಕೆ 1/0, 2/0. ಬಾಳೆಮೀನಿನ ಬಾಯಿ ತುಂಬ ಸೂಜಿಯಂಥ ಹಲ್ಲು. ದಾರದ ತುದಿಗೆ ಒಂದು ಗೇಣು ತಂತಿ ಕಟ್ಟದಿದ್ದರೆ ಗಾಳ ಅದರದೇ. ಬಿಳಿಮೀನಿಗೆ ಹಿಂದಿನವರು ಬಳಸುತ್ತಿದ್ದುದು 4/0ರಿಂದ 6/0ರ, ದಪ್ಪ ತಂತಿಯ ಗಾಳ. ಅದರ ಸುತ್ತ ಬೇಯಿಸಿದ ರಾಗಿಹಿಟ್ಟಿನ ಉಂಡೆ. ನಿಂಬೆಹಣ್ಣಿನ ಗಾತ್ರಕ್ಕೆ, ಚಿಲ್ಲರೆ ಮೀನುಗಳು ಕುಕ್ಕಿದರೂ ಒಡೆಯದಷ್ಟು ಗಟ್ಟಿಯಾಗಿ ಕಟ್ಟಬೇಕು. ಮೈಸೂರು ಸೀಮೆಯ ಮೀನಿಗೂ ಮುದ್ದೆಯೇ ಇಷ್ಟವೆಂದರೆ ಆಶ್ಚರ್ಯವೇನು!

ಗಾಳದ ತಂತಿ ದಪ್ಪವಿರಬೇಕೇ, ತೆಳುವಿರಬೇಕೇ? ಇಲ್ಲಿ ಎರಡು ಗುಣಗಳ ನಡುವೆ ಜಗಳವಿದೆ. ಒಂದೇ ಉಕ್ಕಿನ ತಂತಿಯ ದಪ್ಪವನ್ನು ಎರಡರಷ್ಟು ಮಾಡಿದರೆ ಅದು ಬಾಗದೆ ನಿಲ್ಲುವ ಗುಣ ಹದಿನಾರು ಪಟ್ಟಾಗುತ್ತದೆ. ಗಂಟಲಿನಲ್ಲಿ ಏಡಿ ಅರೆಯುವ ಮೀನಿಗೆ ಇದು ಬೇಕೇ ಬೇಕು. ಆದರೆ ದಪ್ಪ ಗಾಳ ಸುಲಭವಾಗಿ ನಾಟುವುದಿಲ್ಲ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದಷ್ಟೆ. ಗೋಣಿ ಹೊಲಿಯುವ ದಬ್ಬಳವನ್ನು ಜೋರಾಗಿ ಒತ್ತಬೇಕು, ಬಟ್ಟೆ ಹೊಲಿಯುವ ಸೂಜಿ ಮುಟ್ಟಿದರೆ ಸಾಕು. ಆದ್ದರಿಂದ ದಪ್ಪ ಗಾಳ ಕೊಂಡವನು ಅದರ ಮೊನೆಯನ್ನು ಅಷ್ಟೇ ಹರಿತವಾಗಿಡಬೇಕು. ಹರಿತ ಪರೀಕ್ಷೆಗೆ ಹೆಬ್ಬೆರಳಿನ ಉಗುರೇ ಸಾಧನ. ಮೊನೆಯನ್ನು ಉಗುರಿನ ಮೇಲೆ ಓರೆಯಾಗಿಟ್ಟು ಮೆಲ್ಲನೆ ಜಾರಿಸಬೇಕು. ಜಾರಿಕೊಂಡು ಹೋದರೆ ಮೊಂಡು, ಅಲ್ಲೇ ಕಚ್ಚಿ ನಿಂತರೆ ಹರಿತ. ಅಂಗಡಿಯಲ್ಲೇ ಇದನ್ನು ಮಾಡಿದರೆ ಅಂಗಡಿಯವನು ಬೇಸರಪಡುವುದಿಲ್ಲ, ಗಿರಾಕಿ ಬಲ್ಲವನೆಂದು ಬೇರೆ ಡಬ್ಬಿ ತೆಗೆಯುತ್ತಾನೆ. ಗಾಳದ ಬಗ್ಗನ್ನು ಮರದ ತುಂಡಿಗೆ ಸಿಕ್ಕಿಸಿ ಎಳೆದೂ ನೋಡಬೇಕು. ಹದ ತಪ್ಪಿದ ಉಕ್ಕು ಎರಡೇ ಬಗೆ: ಒಂದೋ ಸೀಸದಂತೆ ನೆಟ್ಟಗಾಗುತ್ತದೆ, ಇಲ್ಲವೇ ಗಾಜಿನಂತೆ ಪಟ್ಟನೆ ಮುರಿಯುತ್ತದೆ. ಒಳ್ಳೆಯ ಗಾಳ ತುಸು ಬಾಗಿ ಮರಳಿ ಮೊದಲಿನಂತಾಗುತ್ತದೆ.

ಮೊನೆಯ ಹಿಂದೆ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳೊಂದಿರುತ್ತದೆ. ಒಳಗೆ ಹೋದ ಗಾಳ ಈಚೆ ಬರದಂತೆ ತಡೆಯುವುದು ಅದರ ಕೆಲಸ. ಇದರ ಬಗ್ಗೆ ಮುಂದೆ ಹೇಳುವುದಿದೆ.

ದಾರದ ಕಥೆ ಗಾಳದ ಕಥೆಗಿಂತ ಸ್ವಾರಸ್ಯದ್ದು. ನೈಲಾನ್ ಬರುವ ಮೊದಲು ಗಾಳದ ತುದಿಗೆ ಕಟ್ಟುತ್ತಿದ್ದ, ನೀರಿನಲ್ಲಿ ಕಾಣದಂಥ ಎಳೆ ಯಾವುದರದು ಗೊತ್ತೇ? ರೇಷ್ಮೆ ಹುಳದ್ದು. ಗೂಡು ಕಟ್ಟಲು ಸಿದ್ಧವಾದ ಹಣ್ಣುಹುಳವನ್ನು ಹುಳಿನೀರಿನಲ್ಲಿ ಅದ್ದಿ, ಸೀಳಿ, ಒಳಗಿನ ರೇಷ್ಮೆ ಗ್ರಂಥಿಯನ್ನು ಹೊರತೆಗೆದು ಎರಡು ಕೈಯಲ್ಲಿ ಹಿಡಿದು ಎಳೆಯುತ್ತಿದ್ದರು. ಒಂದೊಂದು ಗ್ರಂಥಿಯಿಂದ ಮೊಳದಷ್ಟು ಎಳೆ ಬಂದರೆ ಹೆಚ್ಚು. ಸ್ಪೇನ್ ದೇಶದ ಮುರ್ಸಿಯಾ ಇದಕ್ಕೆ ಹೆಸರಾಗಿತ್ತು. ರೇಷ್ಮೆಯ ನಾಡಾದ ಮೈಸೂರಿನ ನದಿಗೆ ಇಳಿಯುತ್ತಿದ್ದ ದೊರೆಗಳು ಹಡಗಿನಲ್ಲಿ ಸ್ಪೇನಿನ ಹುಳದ ಎಳೆ ತರಿಸುತ್ತಿದ್ದರೆಂಬುದು ತಮಾಷೆಯೇ ಸರಿ. 1935ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ವ್ಯಾಲೇಸ್ ಕರೋದರ್ಸ್ ಮತ್ತು ಸಂಗಡಿಗರು ನೈಲಾನ್ ತಯಾರಿಸಿದರು. ಆ ದಶಕ ಮುಗಿಯುವ ಹೊತ್ತಿಗೆ ಅದು ಗಾಳದ ದಾರವಾಗಿಯೂ ಬಂತು. ಮುಂದೆ ಹುಳಕ್ಕೆ ಆ ಕಷ್ಟ ತಪ್ಪಿತು.

ನೈಲಾನ್ ದಾರ ಕೊಳ್ಳುವಾಗ ನೋಡಬೇಕಾದ್ದು ಅದರ ದಪ್ಪ. ಬಲ ಹೆಚ್ಚುವುದು ದಪ್ಪದ ವರ್ಗಕ್ಕೆ ತಕ್ಕಂತೆ: 0.20 ಮಿಲಿಮೀಟರಿನ ದಾರಕ್ಕಿಂತ 0.40ರದು ನಾಲ್ಕು ಪಟ್ಟು ಗಟ್ಟಿ, ಎರಡು ಪಟ್ಟಲ್ಲ. ಹಾಗೆಂದು ದಪ್ಪದ್ದನ್ನೇ ಕೊಂಡರಾಯಿತೆ? ಹರಿವ ನೀರು ದಾರವನ್ನೂ ತಳ್ಳುತ್ತದೆ. ನೀರಿನ ವೇಗ ಇಮ್ಮಡಿಯಾದರೆ ತಳ್ಳುವ ಬಲ ನಾಲ್ಮಡಿ. ದಾರ ದಪ್ಪವಾದಷ್ಟೂ ಅದು ಬಿಲ್ಲಿನಂತೆ ಬಾಗಿ, ರಾಗಿ ಉಂಡೆಯನ್ನು ಇಟ್ಟ ಜಾಗದಿಂದ ಎಳೆದುಕೊಂಡು ಹೋಗುತ್ತದೆ. ಲಕ್ಷ್ಮಣತೀರ್ಥದ ನಿಂತ ಮಡುಗಳಲ್ಲಿ ತೊಂದರೆಯಿಲ್ಲ. ಚುಂಚನಕಟ್ಟೆಯಲ್ಲಿ ಧುಮುಕಿ ಬಂಡೆಗಳ ನಡುವೆ ನುಗ್ಗುವ ಕಾವೇರಿಯಲ್ಲಿ ಇದು ದೊಡ್ಡ ತೊಂದರೆ. ಆದರೆ ಅದೇ ಬಂಡೆಯ ಅಂಚು ತೆಳು ದಾರವನ್ನು ಗರಗಸದಂತೆ ಕೊಯ್ಯುತ್ತದೆ. ಹೀಗಾಗಿ ಬಂಡೆ ನದಿಯಲ್ಲಿ 15ರಿಂದ 20 ಕಿಲೋ ತಡೆಯುವ ದಾರಕ್ಕೆ ಜನ ಬಂದು ನಿಂತರು.

ನೈಲಾನಿಗೆ ಹಿಗ್ಗುವ ಗುಣವಿದೆ. ಹತ್ತು ಮೀಟರ್ ದಾರ ಕಡಿಯುವ ಮೊದಲು ಎರಡು ಮೀಟರಿನಷ್ಟು ಹಿಗ್ಗೀತು. ಕೋಲಿಲ್ಲದೆ ಬರಿಗೈಯಲ್ಲಿ ದಾರ ಎಸೆಯುವವರಿಗೆ ಇದೇ ರಕ್ಷೆ. ಮೀನಿನ ಮೊದಲ ಜಗ್ಗನ್ನು ದಾರವೇ ಸ್ಪ್ರಿಂಗಿನಂತೆ ನುಂಗಿಕೊಳ್ಳುತ್ತದೆ. ಈಗ ಬಂದಿರುವ ಹೆಣೆದ ಪಾಲಿಥಿಲೀನ್ ದಾರ ಅಷ್ಟೇ ದಪ್ಪದ ನೈಲಾನಿಗಿಂತ ಬಹಳ ಗಟ್ಟಿ, ಆದರೆ ಹಿಗ್ಗುವುದೇ ಇಲ್ಲವೆನ್ನಬೇಕು. ಬಿದಿರಿನ ಗಣೆಯೋ ಬಾಗುವ ಕೋಲೋ ಇಲ್ಲದೆ ಇದನ್ನು ಬರಿಗೈಗೆ ಸುತ್ತಿಕೊಂಡರೆ ಬೆರಳು ಕೊಯ್ದುಹೋದೀತು. ಬಂಡೆಗೆ ಉಜ್ಜಿದರೂ ಬೇಗ ಹರಿಯುತ್ತದೆ. ಫ್ಲೋರೋಕಾರ್ಬನ್ ಎಂಬ ಇನ್ನೊಂದು ದಾರವಿದೆ. ನೀರಿನ ವಕ್ರೀಭವನ ಸೂಚ್ಯಂಕ 1.33, ಇದರದು 1.42ರ ಆಸುಪಾಸು, ನೈಲಾನಿನದು 1.5ಕ್ಕೂ ಹೆಚ್ಚು. ನೀರಿಗೆ ಹತ್ತಿರವಾದಷ್ಟೂ ಬೆಳಕು ಕಡಿಮೆ ಬಾಗುತ್ತದೆ, ದಾರ ಕಡಿಮೆ ಕಾಣುತ್ತದೆ. ತಿಳಿನೀರಿನಲ್ಲಿ ಗಾಳದ ಬಳಿ ಎರಡು ಮೊಳ ಕಟ್ಟಿದರೆ ಉಪಯೋಗ. ಕೆಂಪು ಹೊಸ ನೀರಿನಲ್ಲಿ ದುಡ್ಡು ದಂಡ.

ಎಷ್ಟೇ ಒಳ್ಳೆಯ ದಾರವಾದರೂ ಕಡಿಯುವುದು ಗಂಟಿನಲ್ಲಿ. ಒಣ ನೈಲಾನನ್ನು ಸರ್ರನೆ ಬಿಗಿದರೆ ಉಜ್ಜಾಟದ ಬಿಸಿಗೆ ಅದು ಅಲ್ಲೇ ಸುಟ್ಟು ಸೊರಗುತ್ತದೆ. ಬೆಸ್ತರು ಗಂಟನ್ನು ಬಾಯಲ್ಲಿಟ್ಟು ಎಂಜಲು ಮಾಡಿ ಮೆಲ್ಲನೆ ಬಿಗಿಯುವುದು ಸುಮ್ಮನೆ ಅಭ್ಯಾಸವಲ್ಲ. ಬಿಸಿಲೂ ನೈಲಾನಿನ ಶತ್ರು. ಹೋದ ವರ್ಷ ಜಂತೆಗೆ ಸಿಕ್ಕಿಸಿಟ್ಟ, ಹಂಚಿನ ಸಂದಿಯ ಬಿಸಿಲು ತಿಂದ ದಾರ ನೋಡಲು ಹೊಸದರಂತಿದ್ದರೂ ಕೈಗೆ ಎರಡು ಸುತ್ತು ಹಾಕಿ ಎಳೆದರೆ ಅದರ ಬಣ್ಣ ಬಯಲಾಗುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಹೇಳದೆ ನಿರ್ವಾಹವಿಲ್ಲ. 1946ರ ಆ ಮೀನಿನ ವಂಶ ಇಂದು ಹುಡುಕಿದರೂ ಸಿಗುವುದು ಕಷ್ಟ. ಕಾವೇರಿ ಮತ್ತು ಅದರ ಉಪನದಿಗಳಿಗಷ್ಟೇ ಸೀಮಿತವಾದ, ಬೆನ್ನು ಉಬ್ಬಿದ, ಕಿತ್ತಳೆ ರೆಕ್ಕೆಯ ಈ ದೊಡ್ಡ ಮಹಶೀರ್‌ಗೆ ವಿಜ್ಞಾನದಲ್ಲಿ ಸರಿಯಾದ ಹೆಸರು ಕೂಡ ಇರಲಿಲ್ಲ. ಅದು 'ಟಾರ್ ರೆಮಾದೇವಿ' ಎಂದು ಖಚಿತವಾದದ್ದು 2018ರಲ್ಲಿ. ಹೆಸರು ಸಿಕ್ಕ ವರ್ಷವೇ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ, ಅತ್ಯಂತ ಅಪಾಯದಲ್ಲಿರುವವುಗಳ ಸಾಲಿಗೆ ಸೇರಿತು. ಮೊಟ್ಟೆಯಿಡಲು ಮೇಲೇರುವ ದಾರಿಗೆ ಅಡ್ಡವಾಗಿ ಅಣೆಕಟ್ಟುಗಳು ಬಂದವು. ಕಬಿನಿಗೆ ಬೀಚನಹಳ್ಳಿಯಲ್ಲಿ 1974ರಲ್ಲಿ ಕಟ್ಟೆ ಮುಗಿಯಿತು. ಮರಳು ತೆಗೆದರು, ಸಿಡಿಮದ್ದು ಹಾಕಿದರು. ಒಳ್ಳೆಯ ಉದ್ದೇಶದಿಂದಲೇ ಲೋಣಾವಳದ ಟಾಟಾ ವಿದ್ಯುತ್ ಸಂಸ್ಥೆಯ ಕೇಂದ್ರದಲ್ಲಿ ಸಾಕಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಹೊರಗಿನಿಂದ ಬಂದ ತಮ್ಮ ಮನೆಯ ಅಣ್ಣನನ್ನೇ ಮೂಲೆಗೆ ತಳ್ಳಿದಂತಾಯಿತು ಎಂದು ಮೀನಿನ ತಜ್ಞರು ಈಗ ಹೇಳುತ್ತಿದ್ದಾರೆ.

ನಾಗರಹೊಳೆ, ಬಂಡೀಪುರ ಉದ್ಯಾನಗಳ ಸರಹದ್ದಿನೊಳಗೆ ಗಾಳ ಹಾಕುವಂತಿಲ್ಲ. ಜಲಾಶಯಗಳಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಹಾಗಾದರೆ ಬಿಳಿಮೀನಿಗೆ ಗಾಳ ಆರಿಸುವ ಮಾತೇಕೆ? ಗೆಂಡೆಗೆ ಹಾಕಿದ ಗಾಳಕ್ಕೆ ಬಿಳಿಮೀನಿನ ಮರಿ ಬೀಳಬಹುದು, ಅದಕ್ಕೆ. ರಾಗಿ ಉಂಡೆಗೆ ಹೆಸರು ಬರೆದಿರುವುದಿಲ್ಲವಲ್ಲ. ಗೆಂಡೆಗೂ ಮೀಸೆಯುಂಟು, ಬಿಳಿಮೀನಿಗೂ ಎರಡು ಜೊತೆ ಮೀಸೆಯುಂಟು. ಗುರುತು ಹತ್ತುವುದು ಹುರುಪೆಯಿಂದ. ಪಕ್ಕೆಯ ಗೆರೆಯುದ್ದಕ್ಕೂ ಎಣಿಸಿದರೆ ಇಪ್ಪತ್ತೈದರ ಆಸುಪಾಸು ಮಾತ್ರ, ಅಷ್ಟು ದೊಡ್ಡ ಹುರುಪೆ. ಸಾಮಾನ್ಯ ಗೆಂಡೆಗೆ ಅದಕ್ಕಿಂತ ಹೆಚ್ಚು.

ಇಲ್ಲಿ ಅಂಗಡಿಯ ಪ್ರಶ್ನೆ ತಲೆಕೆಳಗಾಗುತ್ತದೆ. ಬಿದ್ದ ಮೀನು ಬಿಡಿಸಿಕೊಳ್ಳದಂಥ ಗಾಳ ಯಾವುದು ಎಂದು ಕೇಳುವ ಬದಲು, ಬಿದ್ದ ಮೀನನ್ನು ಬದುಕಿಸಿ ಬಿಡಬಹುದಾದ ಗಾಳ ಯಾವುದು ಎಂದು ಕೇಳಬೇಕಾಗುತ್ತದೆ. ಮೂರು ಮೊನೆಯ ಗಾಳ ಬೇಡ, ಒಂಟಿ ಮೊನೆ ಸಾಕು. ಹಿಂದೆ ಹೇಳಿದ ಆ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಬೇಕು. ದಾರ ಸಡಿಲ ಬಿಡದಿದ್ದರೆ ಮುಳ್ಳಿಲ್ಲದ ಗಾಳವೂ ಕಳಚುವುದಿಲ್ಲ, ತೆಗೆಯುವಾಗ ಮಾತ್ರ ಒಂದೇ ತಿರುವಿಗೆ ಈಚೆ ಬರುತ್ತದೆ. ಮೊನೆ ಒಳಕ್ಕೆ ತಿರುಗಿದ ದುಂಡು ಗಾಳ ಸಿಕ್ಕರೆ ಇನ್ನೂ ಒಳ್ಳೆಯದು. ಅದು ಗಂಟಲಿಗೆ ಇಳಿಯದೆ ಬಾಯಿಯ ಮೂಲೆಯಲ್ಲಿ ನಾಟುತ್ತದೆ. ಆದರೆ ಅದನ್ನು ಹಾಕಿದಾಗ ಮೀನು ಕಚ್ಚಿತೆಂದು ಥಟ್ಟನೆ ಜಗ್ಗಬಾರದು, ದಾರ ತಾನೇ ಬಿಗಿಯುವವರೆಗೆ ಕಾಯಬೇಕು. ಇದಕ್ಕೆ ಅಭ್ಯಾಸವಿರುವ ಕೈ ಒಪ್ಪುವುದು ಕಷ್ಟ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಗಾಳ ಬಾಳಿಕೆಯದೆಂದು ಕೊಳ್ಳುವವರಿದ್ದಾರೆ. ದಾರ ಕಡಿದು ಮೀನಿನ ಬಾಯಲ್ಲೇ ಉಳಿದರೆ ಆ ಬಾಳಿಕೆಯೇ ಮೀನಿಗೆ ಶಾಪ. ಮಾಮೂಲಿ ಉಕ್ಕಿನದಾದರೆ ತುಕ್ಕು ತಿಂದು ಕಾಲಾನುಕಾಲಕ್ಕೆ ಉದುರುತ್ತದೆ.

ದಾರದ ವಿಚಾರದಲ್ಲಂತೂ ನಂಬಿಕೆ ಪೂರ್ತಿ ಉಲ್ಟಾ ಆಗಬೇಕು. ತೆಳು ದಾರದಲ್ಲಿ ದೊಡ್ಡ ಮೀನನ್ನು ಗಂಟೆಗಟ್ಟಲೆ ಆಡಿಸಿ ದಣಿಸುವುದು ದೊಡ್ಡಸ್ತಿಕೆ ಎಂದು ಪುಸ್ತಕಗಳು ಕಲಿಸಿವೆ. ಓಡುವ ಹುಡುಗನ ಮೀನಖಂಡದಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುವಂತೆ ದಣಿದ ಮೀನಿನ ಮಾಂಸದಲ್ಲೂ ತುಂಬುತ್ತದೆ. ಬಿಟ್ಟಾಗ ಈಜಿಕೊಂಡು ಹೋದ ಮೀನು ಕೆಲವು ಗಂಟೆಗಳ ಮೇಲೆ ಯಾರೂ ನೋಡದ ಕಡೆ ಸತ್ತು ತೇಲಬಹುದು. ದಪ್ಪ ದಾರ ಹಾಕಿ ಐದು ನಿಮಿಷದಲ್ಲಿ ದಡಕ್ಕೆ ತರುವವನೇ ಮೀನಿಗೆ ಉಪಕಾರಿ. ರೀಲು ಇದ್ದರೆ ಅದರ ತಡೆಯನ್ನು ದಾರದ ಬಲದ ಮೂರನೆಯ ಒಂದು ಪಾಲಿಗೆ ಇಟ್ಟುಕೊಂಡರೆ ದಾರವೂ ಕಡಿಯದು, ಹೊತ್ತೂ ಹಿಡಿಯದು.

ಬಿಡುವಾಗ ಕೈಯನ್ನು ಮೊದಲು ನೀರಿನಲ್ಲಿ ಅದ್ದಿಕೊಳ್ಳಬೇಕು. ಒಣಗೈ ಮೀನಿನ ಮೈಯ ಲೋಳೆಯನ್ನು ಕಿತ್ತುಬಿಡುತ್ತದೆ. ಮೀನನ್ನು ನೀರಿನಿಂದ ಮೇಲೆತ್ತದೆ, ಕಿವಿರಿಗೆ ಬೆರಳು ಹಾಕದೆ, ತಲೆಯನ್ನು ಹರಿವಿಗೆ ಎದುರಾಗಿ ಹಿಡಿದುಕೊಂಡಿರಬೇಕು. ಕಿವಿರಿನ ಮೂಲಕ ನೀರು ಹಾಯುತ್ತಾ ಹೋದಂತೆ ಅದು ಚೇತರಿಸಿಕೊಳ್ಳುತ್ತದೆ. ಎರಡು ನಿಮಿಷವಾದರೂ ಸರಿ, ಹತ್ತು ನಿಮಿಷವಾದರೂ ಸರಿ, ತಾನಾಗಿಯೇ ಬಾಲ ಬಡಿದು ಕೈಯಿಂದ ಜಾರುವವರೆಗೆ ಬಿಡಬಾರದು.